ಮುಂಬೈಗೆ ಹೊರಟಿದ್ದೀರಾ? ಲೈನು ಕೇಳಿಕೊಳ್ಳಿ

ಕೇಳುಗರೇ, ನಮಸ್ಕಾರ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಮುಂಬೈಯಲ್ಲಿ ಒಬ್ಬರಾದರೂ ಸಂಬಂಧಿಕರು ಇರುವ ಮನೆಗಳು ಬಹಳ. ಕಾಕಾನೋ, ಸೋದರಮಾವನೋ ಇರುತ್ತಾರೆ. ರೈಲು ಹತ್ತಿ ಸೊಲ್ಲಾಪುರದ ಮೇಲೆ ಹೋಗಿಬಿಡುತ್ತೇವೆ. ಪೇಚಾಟ ಶುರುವಾಗುವುದು ಅಲ್ಲಿ ಲೋಕಲ್ ಹತ್ತುವಾಗ.

ಹೊರಡುವ ಮುಂಚೆ ಮಾವನಿಗೆ ಫೋನ್ ಮಾಡಿ ಮನೆ ವಿಳಾಸದ ಜೊತೆ ಇದನ್ನೂ ಕೇಳಿ: 'ನಿಮ್ಮ ಸ್ಟೇಷನ್ ಯಾವುದು, ಯಾವ ಲೈನು?' ವೆಸ್ಟರ್ನ್ ಲೈನು ಚರ್ಚ್‌ಗೇಟ್‌ನಿಂದ ಅಂಧೇರಿ, ಬೋರಿವಲಿ ದಾಟಿ ವಿರಾರ್ ಕಡೆ ಹೋಗುತ್ತದೆ. ಸೆಂಟ್ರಲ್ ಲೈನು ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ನಮ್ಮ ಹಿರಿಯರಿಗೆ ಅದು ಇನ್ನೂ ವಿಟಿ) ಠಾಣೆ ಮೇಲೆ ಕಲ್ಯಾಣಕ್ಕೆ, ಅಲ್ಲಿಂದ ಒಂದು ಕವಲು ಕಸಾರಾಕ್ಕೆ, ಇನ್ನೊಂದು ಕರ್ಜತ್ ಕಡೆಗೆ. ವಾಶಿ, ಪನ್ವೇಲ್‌ಗೆ ಹಾರ್ಬರ್ ಲೈನು.

ಸೊಲ್ಲಾಪುರದಿಂದ ಬರುವ ನಮ್ಮ ರೈಲು ಕಲ್ಯಾಣದ ಮೇಲೆಯೇ ಬರುತ್ತದೆ. ಡೊಂಬಿವಲಿಗೆ ಹೋಗುವವರು ಸಿಎಸ್‌ಎಂಟಿ ಮುಟ್ಟಿ, ಮೂಟೆ ಹೊತ್ತು ಮತ್ತೆ ಹಿಂದಕ್ಕೆ ಬರುವುದು ಸುಮ್ನೆ ದಂಡ. ಕಲ್ಯಾಣದಲ್ಲೇ ಇಳಿದು ಲೋಕಲ್ ಹಿಡಿಯಿರಿ. ಬೋರಿವಲಿಯವರು ದಾದರ್‌ನಲ್ಲಿ ಇಳಿದು, ಮೇಲ್ಸೇತುವೆ ದಾಟಿ ವೆಸ್ಟರ್ನ್ ಪ್ಲಾಟ್‌ಫಾರ್ಮ್‌ಗೆ ಹೋಗಬೇಕು.

ಇನ್ನು ಸ್ಲೋ, ಫಾಸ್ಟ್. ಸ್ಲೋ ಎಲ್ಲ ಕಡೆ ನಿಲ್ಲುತ್ತದೆ, ಫಾಸ್ಟ್ ಸಣ್ಣ ಸ್ಟೇಷನ್ ಬಿಟ್ಟು ಓಡುತ್ತದೆ. ಬೋರ್ಡಿನಲ್ಲಿ ಊರಿನ ಅಕ್ಷರದ ಪಕ್ಕ ಎಫ್ ಇದ್ದರೆ ಫಾಸ್ಟ್, ಎಸ್ ಇದ್ದರೆ ಸ್ಲೋ. ನಿಂತರೂ ಅರ್ಧ ನಿಮಿಷವೇ ಜಾಸ್ತಿ. ಇಳಿಯುವ ಸ್ಟೇಷನ್‌ಗಿಂತ ಮೊದಲೇ ಬಾಗಿಲ ಕಡೆ ಸರಿದಿರಬೇಕು, ಪ್ಲಾಟ್‌ಫಾರ್ಮ್ ಎಡಕ್ಕೋ ಬಲಕ್ಕೋ ಅಂತ ಪಕ್ಕದವರನ್ನು ಕೇಳಿಕೊಳ್ಳಿ. ಸಂಜೆ ವಿರಾರ್ ಫಾಸ್ಟ್ ಹತ್ತಿ ಬೋರಿವಲಿಯಲ್ಲಿ ಇಳಿಯುತ್ತೇನೆ ಅಂದರೆ ವಿರಾರ್‌ನವರು ದಾರಿ ಬಿಡುವುದು ಕಷ್ಟ. ಬೈಗುಳವೂ ಬೀಳಬಹುದು. ಚರ್ಚ್‌ಗೇಟ್‌ನಿಂದ ವಿರಾರ್ 60 ಕಿಲೋಮೀಟರ್, ದಿನಾ ಅಷ್ಟು ದೂರ ನಿಂತೇ ಹೋಗುವವರಿಗೆ ಸಿಟ್ಟು ಬರದೇ ಇರುತ್ತದಾ, ಅಲ್ವಾ?

ಜೋಳದ ಚೀಲ, ಖಡಕ್ ರೊಟ್ಟಿ ಗಂಟು ಇದ್ದೇ ಇರುತ್ತದೆ. ಬೆಳಿಗ್ಗೆ ಊರೊಳಗೆ ಹೋಗುವ ಗಾಡಿ, ಸಂಜೆ ಹೊರಗೆ ಬರುವ ಗಾಡಿ, ಎರಡನ್ನೂ ಬಿಟ್ಟುಬಿಡಿ. ಫಸ್ಟ್ ಕ್ಲಾಸ್ ಡಬ್ಬಿ ಖಾಲಿ ಕಂಡಿತೆಂದು ಸಾದಾ ಟಿಕೆಟ್‌ನಲ್ಲಿ ನುಗ್ಗಿದರೆ ದಂಡ ತಪ್ಪದು. ಗಂಡಸರೇ, ಹೆಂಗಸರ ಡಬ್ಬಿಗೂ ಕಾಲಿಡಬೇಡಿ.

ಹಾಂ, ಭಾನುವಾರ ಹಳಿ ರಿಪೇರಿಗೆ ಅಂತ ಮೆಗಾಬ್ಲಾಕ್ ಇರುತ್ತದೆ, ಅಂದರೆ ಕೆಲವು ಗಂಟೆ ಕೆಲವು ಲೋಕಲ್ ಓಡುವುದಿಲ್ಲ. ಆವತ್ತು ಮಾವನನ್ನು ಕೇಳಿಯೇ ಸ್ಟೇಷನ್‌ಗೆ ಹೋಗಿ.