ಹಿಮಕ್ಕಲ್ಲ, ಒದ್ದೆಗೆ ಅಂಜಿ

ಸಭೆಯ ಹಿರಿಯರಿಗೂ ಗೆಳೆಯ ಗೆಳತಿಯರಿಗೂ ನಮಸ್ಕಾರ. ನಮ್ಮ ಕನ್ನಡ ಕೂಟದ ಇಬ್ಬರು ಮಕ್ಕಳು ಬರುವ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಅಪಲಾಚಿಯನ್ ಟ್ರೇಲ್ ಎಂಬ ಉದ್ದದ ಕಾಲುಹಾದಿ ಹಿಡಿದು ಹೊರಡುತ್ತಾರೆಂಬ ಸುದ್ದಿ ಹಬ್ಬಿದ ದಿನದಿಂದ ನನ್ನ ಫೋನಿಗೆ ಬಿಡುವಿಲ್ಲ. ಕರೆ ಮಾಡಿದವರಲ್ಲಿ ಹೆಚ್ಚಿನವರು ತಾಯಂದಿರು, ಕೇಳಿದ್ದು ಒಂದೇ ಮಾತು: “ಅಕ್ಕಾ, ಆ ಹಿಮದಲ್ಲಿ ಈ ಮಕ್ಕಳು ಹೇಗೆ ನಡೆಯುತ್ತಾರೆ?” ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ನಾನೂ ಫೆಬ್ರವರಿಯಲ್ಲೇ ಹೊರಟವಳಾದ್ದರಿಂದ ಉತ್ತರ ಹೇಳುವ ಹೊಣೆ ನನ್ನ ಮೇಲೆ ಬಿದ್ದಿದೆ. ಆ ಪ್ರಶ್ನೆಯಲ್ಲಿ ಹೆದರಿಕೆ ಸರಿಯಾಗಿಯೇ ಇದೆ, ಆದರೆ ಅದು ತಪ್ಪು ಕಡೆಗೆ ಮುಖ ಮಾಡಿ ನಿಂತಿದೆ ಎಂಬುದು ನನ್ನ ಉತ್ತರ.

ಚಳಿಗಾಲದಲ್ಲೇ ಏಕೆ ಹೊರಡಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜಾರ್ಜಿಯಾದಿಂದ ಮೇನ್‌ವರೆಗೆ ಹದಿನಾಲ್ಕು ರಾಜ್ಯಗಳನ್ನು ಹಾಯುವ ಈ ಹಾದಿ ಸುಮಾರು 3,500 ಕಿ.ಮೀ. ಉದ್ದವಿದೆ. ಉತ್ತರದ ತುದಿಯಲ್ಲಿರುವ ಕಟಾಡಿನ್ ಬೆಟ್ಟವನ್ನು ಅಕ್ಟೋಬರ್ ಮಧ್ಯದೊಳಗೆ ಮುಟ್ಟಬೇಕು, ಅಲ್ಲಿಂದಾಚೆ ಹವೆ ಕೆಟ್ಟರೆ ಯಾವಾಗ ಬೇಕಾದರೂ ಬೆಟ್ಟದ ದಾರಿಯನ್ನು ಮುಚ್ಚುತ್ತಾರೆ. ಏಪ್ರಿಲ್ ಮೊದಲ ದಿನ ಹೊರಟವರಿಗೆ ಸಿಗುವುದು ಸುಮಾರು 195 ದಿನ, ಅಂದರೆ ವಿಶ್ರಾಂತಿಯ ದಿನಗಳನ್ನೂ ಸೇರಿಸಿ ದಿನಕ್ಕೆ ಹದಿನೆಂಟು ಕಿ.ಮೀ. ಸರಾಸರಿ. ಫೆಬ್ರವರಿ ಮಧ್ಯದಲ್ಲಿ ಹೊರಟರೆ ಸುಮಾರು 240 ದಿನ ಸಿಗುತ್ತವೆ, ಸರಾಸರಿ ಹದಿನೈದರ ಒಳಗೆ ಇಳಿಯುತ್ತದೆ. ಇಪ್ಪತ್ತೈದರ ಹುಡುಗರಿಗೆ ಈ ಮೂರು ಕಿ.ಮೀ. ಏನೂ ಅಲ್ಲದಿರಬಹುದು, ನನ್ನ ಮೊಣಕಾಲುಗಳಿಗೆ ಅದೇ ಎಲ್ಲವೂ ಆಗಿತ್ತು. ಅದಲ್ಲದೆ ಮಾರ್ಚ್ ಮತ್ತು ಏಪ್ರಿಲ್ ತಿಂಗಳ ನೂಕುನುಗ್ಗಲು ಆಗ ಇರುವುದಿಲ್ಲ. ಎಲೆ ಉದುರಿದ ಮರಗಳ ನಡುವಿನಿಂದ ಬೇಸಿಗೆಯಲ್ಲಿ ಕಾಣದ ಬೆಟ್ಟದ ಸಾಲುಗಳೆಲ್ಲ ಕಾಣುತ್ತವೆ. ಆದ್ದರಿಂದ ಚಳಿಗಾಲದಲ್ಲಿ ಹೊರಡುವುದು ಹುಚ್ಚು ಸಾಹಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ಆ ಹೆದರಿಕೆಯ ವಿಷಯಕ್ಕೆ ಬರುತ್ತೇನೆ. ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ ಬೀಳುವ ಹಿಮ ಒಣಗಿದ ಹಿಟ್ಟಿನಂತಿರುತ್ತದೆ, ಭುಜದ ಮೇಲೆ ಬಿದ್ದರೆ ಕೊಡವಿಕೊಂಡು ಮುಂದೆ ನಡೆಯಬಹುದು. ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿರುವಾಗ ದಿನವಿಡೀ ಜಿನುಗುವ ಮಳೆಯನ್ನು ಕೊಡವಲಾಗುವುದಿಲ್ಲ. ಅದು ಕತ್ತಿನಿಂದ ಬೆನ್ನಿಗೂ ತೋಳಿನಿಂದ ಕಂಕುಳಿಗೂ ಇಳಿಯುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಜಾರ್ಜಿಯಾ ಮತ್ತು ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ಫೆಬ್ರವರಿಯಲ್ಲಿ ಹೆಚ್ಚಾಗಿ ಸುರಿಯುವುದು ಇಂಥ ಮಳೆಯೇ. ಅಟ್ಲಾಂಟಾದಲ್ಲಿ ಏಳು ಡಿಗ್ರಿ ಎಂದು ಫೋನು ತೋರಿಸಿದ ಮಳೆಯ ದಿನ, 3,782 ಅಡಿ ಎತ್ತರದ ಸ್ಪ್ರಿಂಗರ್ ಮೇಲೆ ಒಂದೋ ಎರಡೋ ಡಿಗ್ರಿ ಇರುತ್ತದೆ ಎಂದು ಲೆಕ್ಕ ಹಾಕಿ.

ನಾನು ಹುಟ್ಟಿದ್ದು ತೀರ್ಥಹಳ್ಳಿಯ ಕಡೆ. ಆಷಾಢದ ಮಳೆಯಲ್ಲಿ ಗದ್ದೆಗೆ ಹೋಗುವ ನಮ್ಮ ಅಜ್ಜ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಿದ್ದರು. ಆ ಕಂಬಳಿ ತೊಟ್ಟಿಕ್ಕುತ್ತಿದ್ದರೂ ಅದರೊಳಗೆ ನುಗ್ಗಿದರೆ ಬೆಚ್ಚಗಿರುತ್ತಿತ್ತು. ಒದ್ದೆಯಾದ ಮೇಲೂ ಉಣ್ಣೆ ಬಿಸಿ ಹಿಡಿದುಕೊಳ್ಳುತ್ತದೆ, ಹತ್ತಿ ಬಿಟ್ಟುಕೊಡುತ್ತದೆ ಎಂಬ ಪಾಠ ನನಗೆ ಮೊದಲು ದೊರೆತದ್ದು ಅಲ್ಲಿ, ಅಂಗಡಿಯ ಕಪಾಟಿನ ಮುಂದೆ ಅಲ್ಲ. ಆದರೂ ಹೊರಡುವ ದಿನ ಮೈಗೆ ಹಿತವೆಂದು ಒಂದು ಹತ್ತಿಯ ಬನಿಯನ್ ಒಳಗೆ ತೊಟ್ಟುಕೊಂಡೇ ಹೋದೆ.

ಮೂರನೆಯ ದಿನ ಬೆಳಗಿನಿಂದ ಮಳೆ ಹಿಡಿಯಿತು. ಹಾಕ್ ಮೌಂಟನ್ ಶೆಲ್ಟರ್ ಬಿಟ್ಟು ಗೂಚ್ ಮೌಂಟನ್ ಶೆಲ್ಟರ್ ತಲುಪುವ ಹೊತ್ತಿಗೆ ಸಂಜೆ ನಾಲ್ಕೂವರೆಯಾಗಿತ್ತು. ಈ ಶೆಲ್ಟರ್‌ಗಳು ನಿಮಗೆ ಗೊತ್ತೇ ಇವೆ: ಮೂರು ಗೋಡೆ, ಒಂದು ಮಾಡು, ಎದುರು ಬಯಲು. ಬೆನ್ನಿನ ಚೀಲವನ್ನು ಇಳಿಸಲು ಎದೆಯ ಮೇಲಿನ ಪ್ಲಾಸ್ಟಿಕ್ ಬಕಲ್ ಒತ್ತಿದರೆ ಬೆರಳು ಮಡಿಚಲಿಲ್ಲ. ಎರಡೂ ಅಂಗೈಗಳ ನಡುವೆ ಬಕಲ್ ಇಟ್ಟು, ಅಡಕೆ ಕತ್ತರಿಸುವ ಅಡಕತ್ತರಿಯಂತೆ ಒತ್ತಿ ಬಿಚ್ಚಬೇಕಾಯಿತು. ಬನಿಯನ್ ಕಳಚಿ ಹಿಂಡಿದರೆ ಲೋಟದಷ್ಟು ನೀರು ಸುರಿಯಿತು. ಒಣ ಉಣ್ಣೆಯಂಗಿ ತೊಟ್ಟು, ಸ್ಲೀಪಿಂಗ್ ಬ್ಯಾಗ್ ಒಳಗೆ ಸೊಂಟದವರೆಗೆ ಕೂತು ಒಲೆ ಹಚ್ಚಿದೆ.

ಅಷ್ಟರಲ್ಲಿ ಒಬ್ಬ ಹುಡುಗ ಬಂದ. ನನ್ನ ಮಗನ ವಯಸ್ಸು, ನನ್ನ ಎರಡರಷ್ಟು ಗಟ್ಟಿ ಮೈ, ಅವನ ಚೀಲ ನನ್ನದರ ಅರ್ಧ. ಮೆಟ್ಟಿಲ ಮೇಲೆ ಎಡವಿದ. ಚೆನ್ನಾಗಿದ್ದೀಯಾ ಎಂದರೆ ಚೆನ್ನಾಗಿದ್ದೇನೆ ಎಂದು ನಾಲಿಗೆ ತೊಡರಿಸಿಕೊಂಡು ಹೇಳಿದ. ಲೈಟರ್ ಗೀರಲು ಹೋಗಿ ಮೂರು ಸಲ ಕೈಜಾರಿಸಿದ, ನಾಲ್ಕನೆಯ ಸಲ ಅದನ್ನು ಬೈದು ಎಸೆದ. ಆಮೇಲೆ ಒದ್ದೆ ಬಟ್ಟೆಯಲ್ಲೇ ಗೋಡೆಗೊರಗಿ, ಸ್ವಲ್ಪ ಕೂತು ಮುಂದೆ ಹೋಗುತ್ತೇನೆ ಎಂದ. ಎಡವುವುದು, ತೊದಲುವುದು, ಕೈಜಾರುವುದು, ಕಾರಣವಿಲ್ಲದೆ ಸಿಡುಕುವುದು, ಈ ನಾಲ್ಕೂ ಒಟ್ಟಿಗೆ ಕಂಡರೆ ಮೈಯೊಳಗಿನ ಶಾಖ ಮೂವತ್ತೈದು ಡಿಗ್ರಿಯ ಕೆಳಗೆ ಜಾರುತ್ತಿದೆ ಎಂದೇ ತಿಳಿಯಬೇಕು. ಆ ಸ್ಥಿತಿಯಲ್ಲಿರುವವನು ತನ್ನ ಬಗ್ಗೆ ಹೇಳುವ ಮಾತನ್ನು ನಂಬಬಾರದು. ನಡುಕ ನಿಂತರೆ ಗುಣವಾಯಿತೆಂದು ನೆಮ್ಮದಿಪಡಬಾರದು, ಮೈ ಇನ್ನೂ ತಣ್ಣಗಿರುವಾಗ ನಡುಕ ನಿಲ್ಲುವುದು ಅಪಾಯ ಹೆಚ್ಚಿದ ಗುರುತು.

ನಾನು ಅವನ ಅನುಮತಿ ಕೇಳುತ್ತ ಕೂರಲಿಲ್ಲ. ತಾಯಿ ಗದರುವ ದನಿ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ. ಒದ್ದೆ ಬಟ್ಟೆ ತೆಗೆಸಿ, ಅವನ ಸ್ಲೀಪಿಂಗ್ ಬ್ಯಾಗಿನೊಳಗೆ ತಳ್ಳಿ, ನನ್ನ ಬಿಸಿನೀರಿನ ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿ ಕಂಕುಳಿಗೆ ಇಟ್ಟೆ. ಕೈಕಾಲು ತಿಕ್ಕಲಿಲ್ಲ, ಹಾಗೆ ತಿಕ್ಕಬಾರದು. ಅವನು ಸರಿಯಾಗಿ ನುಂಗಬಲ್ಲ ಎಂದು ಖಾತ್ರಿಯಾದ ಮೇಲೆ ರಾಗಿ ಹುರಿಹಿಟ್ಟಿಗೆ ಬೆಲ್ಲ ಹಾಕಿ, ಬಿಸಿನೀರಿನಲ್ಲಿ ಕಲಸಿ ತೆಳ್ಳಗೆ ಮಾಡಿ ಗುಟುಕು ಗುಟುಕಾಗಿ ಕುಡಿಸಿದೆ. ಒಂದು ಗಂಟೆಯ ಮೇಲೆ ಅವನಿಗೆ ಜೋರಾಗಿ ನಡುಕ ಬಂತು. ಆ ನಡುಕವನ್ನು ಕಂಡು ನನಗಾದಷ್ಟು ಸಂತೋಷ ಮುಂದೆ ಕಟಾಡಿನ್ ಮೇಲೂ ಆಗಲಿಲ್ಲ. ಮರುದಿನ ಬೆಳಗ್ಗೆ ಅದೇ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಕೊಟ್ಟಾಗ ಅವನು ಅದಕ್ಕೆ “ಬೆಟ್ಟದ ಸಿಮೆಂಟು” ಎಂದು ಹೆಸರಿಟ್ಟ, ಎರಡನೆಯ ಬಾರಿ ಕೇಳಿಯೂ ತಿಂದ.

ಅವನ ಚೀಲ ಅಷ್ಟು ಹಗುರವಾಗಿದ್ದುದಕ್ಕೆ ಅವನ ಬಳಿ ಒಂದು ಕಾರಣವಿತ್ತು. ನಮ್ಮ ಇಬ್ಬರು ಮಕ್ಕಳೂ ಮೊನ್ನೆ ಅದನ್ನೇ ಹೇಳಿದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ. ಎಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ಕೈಯಿಂದ ಹೊಲಿದ ಒಂದು ಚೀಲ, ಬಟ್ಟೆಯ ಬೂಟು, ಮಳೆಗೆ ಬಚ್ಚಲುಮನೆಯ ಪರದೆ ಇಷ್ಟರಲ್ಲೇ ಇಡೀ ಹಾದಿಯನ್ನು ಒಬ್ಬಳೇ ನಡೆದಳು. ಆ ತಾಯಿಗೆ ನಾನು ದಿನವೂ ಕೈಮುಗಿಯುತ್ತೇನೆ. ಆದರೆ ಆಕೆ ಹೊರಟದ್ದು ಮೇ ತಿಂಗಳ ಆರಂಭದಲ್ಲಿ, ಮುಗಿಸಿದ್ದು ಸೆಪ್ಟೆಂಬರಿನಲ್ಲಿ. ಒಂದೇ ನಡಿಗೆಯಲ್ಲಿ ಹಾದಿ ಮುಗಿಸಿದವರಲ್ಲಿ ಮೊದಲಿಗನೆಂದು ಹೆಸರಾದ ಅರ್ಲ್ ಶೇಫರ್ 1948ರಲ್ಲಿ ಹೊರಟದ್ದೂ ಏಪ್ರಿಲ್‌ನಲ್ಲಿ. ಮೇ ತಿಂಗಳ ಚೀಲವನ್ನು ಫೆಬ್ರವರಿಯ ಬೆಟ್ಟಕ್ಕೆ ಹೊತ್ತು ಹೋಗಬೇಡಿ ಎಂದು ಆ ಮಕ್ಕಳಿಗೆ ಕೈಮುಗಿದು ಹೇಳುತ್ತೇನೆ.

ಬೆವರೂ ಒದ್ದೆಯೇ. ಮುಂಜಾನೆ ಚಳಿಯೆಂದು ದಪ್ಪ ಜಾಕೆಟ್ ತೊಟ್ಟು ಏರು ಹತ್ತಿದರೆ ಅರ್ಧ ಗಂಟೆಯಲ್ಲಿ ಒಳಗಿನಿಂದ ನೆನೆಯುತ್ತೀರಿ, ತುದಿಯಲ್ಲಿ ಗಾಳಿ ಬೀಸಿದಾಗ ಅದೇ ಒದ್ದೆ ಮೈಯನ್ನು ಹಿಡಿಯುತ್ತದೆ. ತುಸು ಚಳಿಯಾಗುತ್ತಿರುವಾಗಲೇ ಹೆಜ್ಜೆ ಹಾಕಲು ಶುರುಮಾಡಬೇಕು, ನಿಂತ ಕೂಡಲೇ ಜಾಕೆಟ್ ತೊಡಬೇಕು. ಎಷ್ಟು ಚಳಿ ಎಂದು ತಿಳಿಯಲು ನಾನು ಫೋನು ನೋಡುತ್ತಿರಲಿಲ್ಲ. ದಾರಿಯ ಎರಡೂ ಕಡೆ ರೋಡೊಡೆಂಡ್ರಾನ್ ಪೊದೆಗಳಿವೆ, ಚಳಿಗಾಲದಲ್ಲೂ ಹಸಿರಾಗಿಯೇ ಇರುತ್ತವೆ. ಚಳಿ ಏರಿದಂತೆ ಆ ಉದ್ದನೆಯ ಎಲೆಗಳು ಜೋತುಬಿದ್ದು, ಅಂಚುಗಳನ್ನು ಒಳಕ್ಕೆ ಸುತ್ತಿಕೊಂಡು, ಕೊನೆಗೆ ಬೀಡಿಯಷ್ಟು ಸಣ್ಣ ಸುರುಳಿಯಾಗುತ್ತವೆ. ಎಲೆ ಅಗಲವಾಗಿ ಬಿಚ್ಚಿಕೊಂಡು, ಮೇಲೆ ಮೋಡ ಕವಿದಿದ್ದರೆ ನಾನು ಹೆಚ್ಚು ಎಚ್ಚರವಾಗುತ್ತಿದ್ದೆ, ಏಕೆಂದರೆ ಆ ದಿನ ಬೀಳುವುದು ಹಿಮವಲ್ಲ, ಮಳೆ.

ಸಮಯ ಮುಗಿಯುತ್ತಿದೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಸಾಮಾನುಗಳ ಬಗ್ಗೆ ಬರೆದುಕೊಂಡು ಬಂದದ್ದನ್ನು ಬೇಗ ಹೇಳುತ್ತೇನೆ. ನೀರಿನ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ನಳಿಕೆಗಳು ಒಡೆಯುತ್ತವೆ, ಹೊರಗಿನಿಂದ ಅದು ಗೊತ್ತೇ ಆಗುವುದಿಲ್ಲ, ಆದ್ದರಿಂದ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಫೋನನ್ನೂ ಗ್ಯಾಸ್ ಕ್ಯಾನಿಸ್ಟರನ್ನೂ ಅಲ್ಲಿಯೇ ಇಡಿ. ಸೊನ್ನೆಯ ಹತ್ತಿರ ಬ್ಯೂಟೇನ್ ಸರಿಯಾಗಿ ಆವಿಯಾಗುವುದಿಲ್ಲ, ಪ್ರೊಪೇನ್ ಬೆರೆಸಿದ ಕ್ಯಾನಿಸ್ಟರನ್ನೇ ಕೊಳ್ಳಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬಾಯಿ ತೆರೆದೇ ಇರುತ್ತದೆ. ಒದ್ದೆ ಬೂಟನ್ನು ಹೊರಗೆ ಬಿಟ್ಟರೆ ಬೆಳಗ್ಗೆ ಕಲ್ಲಾಗಿರುತ್ತದೆ. ಮಲಗುವ ಒಣ ಬಟ್ಟೆ ಮಲಗುವುದಕ್ಕೆ ಮಾತ್ರ. ಬೆಳಗ್ಗೆ ಎಷ್ಟೇ ಕಷ್ಟವಾದರೂ ಒದ್ದೆ ಬಟ್ಟೆಯನ್ನೇ ತೊಟ್ಟು ನಡೆಯಬೇಕು, ಒಣಗಿದ್ದೊಂದು ಕೊನೆಯವರೆಗೂ ಉಳಿಯಬೇಕು.

ಕೆಳಗಿಳಿಯುವ ದಾರಿಗಳ ವಿಷಯವನ್ನು ಮಾತ್ರ ಬಿಡಲಾರೆ. ಮರುದಿನ ನಾನೂ ಆ ಹುಡುಗನೂ ಎಂಟು ಕಿ.ಮೀ.ಗಿಂತ ತುಸು ಕಡಿಮೆ ನಡೆದು ವುಡಿ ಗ್ಯಾಪ್ ಎಂಬ ಬೆಟ್ಟದ ಕಣಿವೆಯಲ್ಲಿ 60ನೆಯ ನಂಬರಿನ ರಸ್ತೆಗೆ ಇಳಿದೆವು. ಮೂರು ದಿನ ಊರಿನಲ್ಲಿ ಉಳಿದು, ಬಟ್ಟೆ ಒಣಗಿಸಿಕೊಂಡು, ನಾಲ್ಕನೆಯ ದಿನ ಅದೇ ಜಾಗದಿಂದ ಮತ್ತೆ ಹತ್ತಿದೆವು. ಜಾರ್ಜಿಯಾದಲ್ಲಿ ಹೀಗೆ ಇಳಿಯಲು ರಸ್ತೆಗಳು ಸಿಗುತ್ತವೆ, ಬ್ಲಡ್ ಮೌಂಟನ್ ದಾಟಿದರೆ ನೀಲ್ ಗ್ಯಾಪ್‌ನಲ್ಲಿ ಹಾದಿ ನಡಿಗೆಯವರ ಅಂಗಡಿಯಿರುವ ಒಂದು ಕಟ್ಟಡದೊಳಗಿಂದಲೇ ಹಾಯುತ್ತದೆ. ಮುಂದೆ ಉತ್ತರ ಕೆರೊಲಿನಾ, ಟೆನೆಸ್ಸಿ ಗಡಿಯ ಸ್ಮೋಕಿ ಬೆಟ್ಟಗಳಲ್ಲಿ ಹಾಗಲ್ಲ. ಇಡೀ ಹಾದಿಯಲ್ಲೇ ಎತ್ತರವಾದ, 6,643 ಅಡಿಯ ಕುವೋಹಿಗೆ, 2024ರವರೆಗೆ ಕ್ಲಿಂಗ್‌ಮನ್ಸ್ ಡೋಮ್ ಎನ್ನುತ್ತಿದ್ದ ಶಿಖರಕ್ಕೆ, ಹೋಗುವ ರಸ್ತೆ ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ಮುಚ್ಚಿರುತ್ತದೆ. ಮುಂದೆ ಸಿಗುವ ನ್ಯೂಫೌಂಡ್ ಗ್ಯಾಪ್ ರಸ್ತೆಯನ್ನೂ ಹಿಮ ಬಿದ್ದಾಗ ಮುಚ್ಚುತ್ತಾರೆ. ಸ್ಮೋಕಿಗೆ ಹತ್ತುವ ಮುನ್ನ ಅದರ ಬುಡದಲ್ಲಿರುವ ಫಾಂಟಾನಾದಲ್ಲಿ ಹವೆ ನೋಡಿ, ಬೇಕಾದರೆ ನಾಲ್ಕು ದಿನ ಕಾಯಬೇಕು. ನಿಮ್ಮ 240 ದಿನಗಳ ಲೆಕ್ಕದಲ್ಲಿ ಈ ಕಾಯುವಿಕೆಗೂ ಜಾಗವಿದೆ, ಬೇಗ ಹೊರಡುವುದೇ ಅದಕ್ಕಾಗಿ.

ತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳು ಫೋನು ಮಾಡಿ ಕೆಳಗಿಳಿದಿದ್ದೇವೆ ಎಂದರೆ, ಇಷ್ಟಕ್ಕೇ ಸೋತಿರಾ ಎಂದು ಯಾರೂ ಕೇಳಬೇಡಿ, ಬಟ್ಟೆ ಒಣಗಿತೇ ಎಂದು ಕೇಳಿ. ಮಕ್ಕಳೇ, ಸ್ಪ್ರಿಂಗರ್ ಹತ್ತಲು ಕೆಳಗಿನ ಅಮಿಕಲೋಲಾಕ್ಕೆ ಹೊರಡುವ ಹಿಂದಿನ ರಾತ್ರಿ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ಚೀಲಗಳನ್ನು ನಡುಮನೆಯಲ್ಲಿ ಬಿಚ್ಚಿ ಹರಡೋಣ, ಹತ್ತಿಯದು ಏನಿದ್ದರೂ ನಾನು ತೆಗೆದಿಟ್ಟುಕೊಳ್ಳುತ್ತೇನೆ, ಅಕ್ಟೋಬರಿನಲ್ಲಿ ಬಂದು ತೆಗೆದುಕೊಳ್ಳಿ. ಹುರಿಹಿಟ್ಟು ಹುರಿದಾಗಿದೆ, ಬೆಲ್ಲ ಕುಟ್ಟಿ ಬೆರೆಸುವುದೊಂದು ಬಾಕಿ.