ಎಚ್‌ಐವಿ ಚಿಕಿತ್ಸೆ: ವಯಸ್ಕರು ನಡುವೆಯೇ ಮಾತ್ರೆ ಬಿಡುವುದೇಕೆ?

ಸಭಿಕರೇ,

ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ 1996ರ ಸುಮಾರಿಗೆ ಬಳಕೆಗೆ ಬಂದ ಮೇಲೆ ಎಚ್‌ಐವಿ ಸೋಂಕಿನ ಚರಿತ್ರೆಯೇ ಬದಲಾಯಿತು. ಆಗ ಹೊತ್ತುಹೊತ್ತಿಗೆ ಹಲವು ಮಾತ್ರೆಗಳನ್ನು ನುಂಗಬೇಕಿತ್ತು. ಈಗ ಬಹುಪಾಲು ಜನರಿಗೆ ದಿನಕ್ಕೊಂದು ಮಾತ್ರೆ ಸಾಕು. ಇಷ್ಟು ಸುಲಭವಾದ ಚಿಕಿತ್ಸೆಯನ್ನು ವರ್ಷಗಟ್ಟಲೆ ಪಡೆದವರು ಒಂದು ದಿನ ಕೇಂದ್ರಕ್ಕೆ ಬರುವುದನ್ನೇ ನಿಲ್ಲಿಸಿದಾಗ, ಬೇಜವಾಬ್ದಾರಿ ಎಂಬ ಸಿದ್ಧ ಉತ್ತರ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಾನು ಆ ಉತ್ತರವನ್ನು ಒಪ್ಪುವುದಿಲ್ಲ. ಬಹಳಷ್ಟು ಮಂದಿ ಬಿಡಬೇಕೆಂದು ನಿಶ್ಚಯಿಸಿ ಬಿಟ್ಟವರಲ್ಲ. ಒಂದು ಭೇಟಿ ತಪ್ಪಿ, ಆಮೇಲೆ ಮರಳಿ ಬರುವುದಕ್ಕೆ ಮುಖವಿಲ್ಲದೆ ಉಳಿದುಹೋದವರು.

ಮೊದಲು ದೇಹದ ಮಾತು. ವೈರಸ್ಸಿನ ಒಂದು ಪಾಲು ಕೆಲವು ದೀರ್ಘಾಯು ಜೀವಕೋಶಗಳೊಳಗೆ ಸುಪ್ತವಾಗಿ ಅಡಗಿರುತ್ತದೆ, ಔಷಧ ಅದನ್ನು ಮುಟ್ಟಲಾರದು. ಮಾತ್ರೆ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ರಕ್ತದಲ್ಲಿ ವೈರಸ್ ಮತ್ತೆ ಕಾಣಿಸಿಕೊಳ್ಳುತ್ತದೆ. ದೇಹದ ರೋಗನಿರೋಧಕ ಶಕ್ತಿಯನ್ನು ಕಾಯುವ ಸಿಡಿ4 ಎಂಬ ಬಿಳಿ ರಕ್ತಕೋಶಗಳ ಸಂಖ್ಯೆ ನೋಡಿಕೊಂಡು ಆಗಾಗ ಔಷಧಕ್ಕೆ ಬಿಡುವು ಕೊಡಬಹುದೇ ಎಂದು ಪರೀಕ್ಷಿಸಿದ ‘ಸ್ಮಾರ್ಟ್’ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು: ಬಿಡುವು ಪಡೆದವರಲ್ಲಿ ಕಾಯಿಲೆಯೂ ಸಾವೂ ಹೆಚ್ಚಾಗಿದ್ದವು. ಆದರೆ ಮಾತ್ರೆ ಬಿಟ್ಟವರಿಗೆ ತಿಂಗಳುಗಟ್ಟಲೆ ಏನೂ ಅನ್ನಿಸದೆಯೇ ಇರಬಹುದು. ‘ಬಿಟ್ಟರೂ ಏನೂ ಆಗಲಿಲ್ಲ’ ಎಂಬ ಅವರ ಅನುಭವ ಅವರ ಮಟ್ಟಿಗೆ ನಿಜವೇ, ಅಪಾಯವಿರುವುದೂ ಅಲ್ಲಿಯೇ.

ಈ ತೊಡಕು ಕಳೆದ ದಶಕದಿಂದ ಇನ್ನೊಂದು ರೂಪ ಪಡೆದಿದೆ. ಹಿಂದೆ ಸಿಡಿ4 ಸಂಖ್ಯೆ ನಿಗದಿತ ಮಟ್ಟಕ್ಕಿಂತ ಇಳಿದ ಮೇಲೆ ಚಿಕಿತ್ಸೆ ಆರಂಭಿಸುತ್ತಿದ್ದರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಕೊಡಬೇಕೆಂದು ಶಿಫಾರಸು ಮಾಡಿತು. ಅದು ವೈದ್ಯಕೀಯವಾಗಿ ಸರಿಯಾದ ನಿರ್ಧಾರ. ಆದರೆ ಹಿಂದೆ ಹಾಸಿಗೆ ಹಿಡಿದು, ಮಾತ್ರೆಯಿಂದ ಎದ್ದು ಕುಳಿತವರಿಗೆ ಅದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಂದು ಮಾತ್ರೆ ಆರಂಭಿಸುವ ಅನೇಕರು ಒಂದು ದಿನವೂ ಕಾಯಿಲೆ ಬಿದ್ದವರಲ್ಲ. ಅವರ ಬದುಕಿನಲ್ಲಿ ರೋಗವನ್ನು ನೆನಪಿಸುವ ಏಕೈಕ ವಸ್ತು ಆ ಮಾತ್ರೆಯೇ ಆಗಿರುವಾಗ, ಅದನ್ನು ದೂರವಿಟ್ಟರೆ ರೋಗವೇ ದೂರವಾದಂತೆ ಭಾಸವಾಗುವುದು ಆಶ್ಚರ್ಯವೇನಲ್ಲ.

ಇನ್ನು ಗುಟ್ಟಿನ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಉಳಿದ ಕಾರಣಗಳ ಬೇರು ಇಲ್ಲೇ ಇದೆ. ಗಂಡನಿಗೋ ಹೆಂಡತಿಗೋ ಹೇಳದವರು ಮಾತ್ರೆಯನ್ನು ಡಬ್ಬಿಯಿಂದ ತೆಗೆದು ಚೀಟಿಯಿಲ್ಲದ ಪೊಟ್ಟಣಕ್ಕೆ ಹಾಕಿಕೊಳ್ಳುತ್ತಾರೆ. ಮನೆಗೆ ನೆಂಟರು ಬಂದ ದಿನ, ಪರಸ್ಥಳದಲ್ಲಿ ಹಲವರೊಡನೆ ಒಂದೇ ಕೋಣೆಯಲ್ಲಿ ಮಲಗಿದ ದಿನ ಮಾತ್ರೆ ತಪ್ಪುತ್ತದೆ. ಪರಿಚಿತರ ಕಣ್ಣಿಗೆ ಬೀಳಬಾರದೆಂದು ಹತ್ತಿರದ ಕೇಂದ್ರವನ್ನು ಬಿಟ್ಟು ದೂರದ ಕೇಂದ್ರದಲ್ಲಿ ಹೆಸರು ಬರೆಸಿದವರಿಗೆ ಪ್ರತಿ ಭೇಟಿಗೂ ಪ್ರಯಾಣದ ಖರ್ಚು ಮತ್ತು ಒಂದು ದಿನದ ದುಡಿಮೆ ಹೋಗುತ್ತದೆ, ಮೇಲಾಗಿ ರಜೆಗೆ ಒಂದು ಸುಳ್ಳು ಕಾರಣವನ್ನೂ ಹುಡುಕಬೇಕಾಗುತ್ತದೆ. ದೂರವನ್ನು ನಾವು ಸಾರಿಗೆಯ ಸಮಸ್ಯೆ ಎಂದು ಬರೆದುಕೊಳ್ಳುತ್ತೇವೆ; ಎಷ್ಟೋ ಸಲ ಅದು ಕಳಂಕದ ಸಮಸ್ಯೆ. ಹೀಗೆ ತಡವಾಗಿ ಬಂದವರನ್ನು ಸಾಲಿನಲ್ಲಿ ಎಲ್ಲರೆದುರು ಗದರಿಸಿದರೆ, ಮುಂದಿನ ಸಲ ಒಂದು ವಾರ ತಡವಾದಾಗ ಅವರು ಬರುವುದೇ ಇಲ್ಲ.

ಅಡ್ಡಪರಿಣಾಮಗಳ ವಿಷಯ ಬೇಗ ಮುಗಿಸಬಹುದು. ಮುಖದ ಕೊಬ್ಬನ್ನು ಕರಗಿಸಿ ರೋಗವನ್ನು ಊರಿಗೆಲ್ಲ ತೋರಿಸಿಕೊಡುತ್ತಿದ್ದ ಸ್ಟಾವುಡಿನ್ ಎಂಬ ಹಳೆಯ ಔಷಧ ಬಹುತೇಕ ಮರೆಯಾಗಿದೆ. ತಲೆಸುತ್ತು, ಕೆಟ್ಟ ಕನಸು ತರುತ್ತಿದ್ದ ಎಫವಿರೆಂಜ್ ಜಾಗಕ್ಕೆ ಡೊಲುಟೆಗ್ರವಿರ್ ಬಂದಿದೆ. ಇದರಿಂದಲೂ ಕೆಲವರಿಗೆ ತೂಕ ಏರುತ್ತದೆ, ನಿದ್ದೆ ಕೆಡುತ್ತದೆ. ಖಿನ್ನತೆ ಮಾತ್ರ ಹಿಂದಿನಷ್ಟೇ ದೊಡ್ಡ ಕಾರಣ, ಅದನ್ನು ಕೇಳಿ ತಿಳಿಯುವವರು ಕಡಿಮೆ. ಮದ್ಯದ ಬಗ್ಗೆ ಒಂದು ಮಾತು ಸೇರಿಸಬೇಕು: ‘ಕುಡಿದ ದಿನ ಮಾತ್ರೆ ಮುಟ್ಟಬಾರದು’ ಎಂಬ ನಂಬಿಕೆ ಹಲವರಲ್ಲಿದೆ, ಅದನ್ನು ಬಿತ್ತಿದ್ದು ಎಷ್ಟೋ ಸಲ ನಮ್ಮದೇ ಎಚ್ಚರಿಕೆಯ ಮಾತು. ಕುಡಿದ ದಿನವೂ ಮಾತ್ರೆ ತಪ್ಪಿಸಬೇಡಿ ಎಂದು ಬಾಯಿಬಿಟ್ಟು ಹೇಳುವುದು ಕುಡಿತಕ್ಕೆ ಪರವಾನಗಿ ಕೊಟ್ಟಂತಲ್ಲ.

ಕೇಂದ್ರಗಳ ದಾಖಲೆಯನ್ನೂ ಎಚ್ಚರದಿಂದ ಓದಬೇಕು. ಬರುವುದು ನಿಂತವರ ಪಟ್ಟಿಯಲ್ಲಿ ಕೆಲವರು ತಿಳಿಸದೆ ಬೇರೆ ಕೇಂದ್ರಕ್ಕೆ ಸೇರಿಕೊಂಡಿರುತ್ತಾರೆ, ಕೆಲವರು ತೀರಿಕೊಂಡಿರುತ್ತಾರೆ, ಉಳಿದವರು ಮಾತ್ರ ನಿಜಕ್ಕೂ ಚಿಕಿತ್ಸೆ ಬಿಟ್ಟವರು. ಅವರಲ್ಲೂ ಎಷ್ಟೋ ಮಂದಿ ಮರಳುತ್ತಾರೆ, ಮತ್ತೆ ಬಿಡುತ್ತಾರೆ, ಮತ್ತೆ ಬರುತ್ತಾರೆ. ಚಿಕಿತ್ಸೆಯೆಂದರೆ ಒಮ್ಮೆ ಹತ್ತಿದರೆ ಕೊನೆಯವರೆಗೂ ನೇರ ಸಾಗುವ ದಾರಿ ಎಂಬ ಕಲ್ಪನೆಯ ಮೇಲೆ ಕಟ್ಟಿದ ವ್ಯವಸ್ಥೆಗೆ ಈ ಹೋಗಿಬರುವವರು ಸದಾ ಅಪರಾಧಿಗಳಾಗಿಯೇ ಕಾಣುತ್ತಾರೆ.

ಚಿಕಿತ್ಸೆಯಿಂದ ಆರೋಗ್ಯ ಸ್ಥಿರವಾಗಿರುವವರಿಗೆ ಮೂರು ಅಥವಾ ಆರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವುದು, ಕೆಲಸದ ವೇಳೆಯ ಆಚೆಗೆ ಕೇಂದ್ರ ತೆರೆದಿಡುವುದು, ಇವೆರಡರಿಂದಲೇ ಎಷ್ಟೋ ಭೇಟಿಗಳು ತಪ್ಪದೆ ಉಳಿಯುತ್ತವೆ. ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರವಿರ್ ಮತ್ತು ರಿಲ್ಪಿವಿರಿನ್ ಚುಚ್ಚುಮದ್ದು ಮಾತ್ರೆ ಬಚ್ಚಿಡುವ ಕಷ್ಟವನ್ನು ತಪ್ಪಿಸುತ್ತದೆ. ಆದರೆ ಆ ಭೇಟಿ ತಪ್ಪಿದರೆ ಔಷಧದ ಅಂಶ ದೇಹದಲ್ಲಿ ನಿಧಾನವಾಗಿ ಇಳಿಯುತ್ತ, ವೈರಸ್ಸಿಗೆ ಪ್ರತಿರೋಧ ಬೆಳೆಸಿಕೊಳ್ಳಲು ಅವಕಾಶವಾಗುತ್ತದೆ.

ಮರಳಿ ಬಂದವರ ವಿಷಯದಲ್ಲಿ ಕೆಲಸದ ಕ್ರಮ ಸ್ಪಷ್ಟವಾಗಿದೆ. ಸಿಡಿ4 ಪರೀಕ್ಷೆ ಮೊದಲಾಗಬೇಕು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಆ ಕೋಶಗಳು 200ಕ್ಕಿಂತ ಕಡಿಮೆಯಿದ್ದರೆ ಕ್ಷಯ ಮತ್ತು ಕ್ರಿಪ್ಟೊಕಾಕಸ್ ಶಿಲೀಂಧ್ರದ ಸೋಂಕನ್ನು ಹುಡುಕಬೇಕು. ಮಿದುಳುಪೊರೆಯ ಸೋಂಕಿನ ಸಂಶಯವಿಲ್ಲದಿದ್ದರೆ ಚಿಕಿತ್ಸೆಯನ್ನು ತಡಮಾಡದೆ ಮತ್ತೆ ಆರಂಭಿಸಬೇಕು. ಏಕೆ ಬಿಟ್ಟಿರಿ ಎಂಬ ವಿಚಾರಣೆಯನ್ನು ಅಂದೇ ಮುಗಿಸಬೇಕಾಗಿಲ್ಲ. ಮುಂದಿನ ಭೇಟಿಗೆ ಯಾವ ದಿನ, ಯಾವ ಹೊತ್ತು ಅನುಕೂಲ ಎಂದು ಅವರನ್ನೇ ಕೇಳಿ ಬರೆದುಕೊಂಡರೆ, ಬಿಟ್ಟ ಕಾರಣದ ಅರ್ಧ ಭಾಗ ಆ ಉತ್ತರದಲ್ಲೇ ಸಿಗುತ್ತದೆ.