ಸೂಜಿ ಕಂಡರೆ ಕುಸಿದು ಬೀಳುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು 31 ವರ್ಷ ನರ್ಸ್ ಆಗಿ ಕೆಲಸ ಮಾಡಿದವಳು. ಅದರಲ್ಲಿ ಜಾಸ್ತಿ ವರ್ಷ ಕಳೆದದ್ದು ಇಂಜೆಕ್ಷನ್ ರೂಮಿನಲ್ಲಿ. ಫೋಬಿಯಾ, ಅಂದರೆ ಅತಿಯಾದ ಭಯದ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕೇಳಿದಾಗ ನನಗೆ ಮೊದಲು ನೆನಪಾದವರು ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಹಮಾಲಿ. ಕಾಲಿಗೆ ಕಬ್ಬಿಣದ ತಗಡು ತಾಗಿ ಗಾಯವಾಗಿತ್ತು. ಟಿ.ಟಿ. ಇಂಜೆಕ್ಷನ್‌ಗೆ ಬಂದಿದ್ದರು. ನಾನು ಸಿರಿಂಜಿಗೆ ಔಷಧಿ ಎಳೆಯುತ್ತಿದ್ದೆ, ಅಷ್ಟೇ. ಅವರ ಮುಖ ಬಿಳಿಚಿಕೊಂಡಿತು, ಹಣೆಯ ಮೇಲೆ ಬೆವರು ಮೂಡಿತು, ಸ್ಟೂಲಿನಿಂದ ದಪ್ಪನೆ ಕೆಳಗೆ ಬಿದ್ದರು. ಸಾಲಿನಲ್ಲಿ ನಿಂತವರು ನಕ್ಕರು. ಎಚ್ಚರವಾದ ಮೇಲೆ ನಾನೂ, "ಏನಣ್ಣ, ಇಷ್ಟಕ್ಕೆಲ್ಲ ಹೆದರ್ತಾರಾ?" ಎಂದುಬಿಟ್ಟೆ. ಅವರು ಮತ್ತೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬರಲೇ ಇಲ್ಲ. ಆ ಮಾತು ಆಡಬಾರದಿತ್ತು ಎಂದು ಇವತ್ತಿಗೂ ನನಗೆ ಅನಿಸುತ್ತದೆ.

ಭಯ ಕೆಟ್ಟದ್ದೇನೂ ಅಲ್ಲ. ಗದ್ದೆಯ ಬದುವಿನಲ್ಲಿ ನಾಗರಹಾವು ಕಂಡರೆ ಹಿಂದೆ ಸರಿಯಲೇಬೇಕು. ಆದರೆ ಹಾವಿನ ಚಿತ್ರ ಇದೆ ಎಂದು ಮಗನ ವಿಜ್ಞಾನದ ಪುಸ್ತಕವನ್ನೇ ಮುಟ್ಟದೆ ಇದ್ದರೆ? ಚಿತ್ರ ಕಚ್ಚುವುದಿಲ್ಲ ಎಂದು ಅವರಿಗೂ ಗೊತ್ತು. ಗೊತ್ತಿದ್ದರೂ ಎದೆ ಡವಡವ ಎನ್ನುತ್ತದೆ, ಬಾಯಿ ಒಣಗುತ್ತದೆ, ಕೈಕಾಲು ನಡುಗುತ್ತದೆ, ಉಸಿರು ಕಟ್ಟಿದ ಹಾಗಾಗುತ್ತದೆ. ಇಲ್ಲಿಂದ ಓಡಿಹೋದರೆ ಸಾಕು ಅನಿಸುತ್ತದೆ. ಇಂಥ ಭಯ 6 ತಿಂಗಳಿಗಿಂತ ಹೆಚ್ಚು ಕಾಲ ಉಳಿದು, ಓದು, ಕೆಲಸ, ಓಡಾಟಕ್ಕೆ ಅಡ್ಡ ಬಂದರೆ ವೈದ್ಯರು ಅದನ್ನು ಫೋಬಿಯಾ ಎನ್ನುತ್ತಾರೆ. ನಾಯಿ, ಹಲ್ಲಿ, ಎತ್ತರ, ಗುಡುಗು, ಲಿಫ್ಟು, ಯಾವುದರ ಮೇಲೆ ಬೇಕಾದರೂ ಇದು ಬರಬಹುದು. ನಾಲ್ಕು ಜನರ ಮುಂದೆ ಮಾತಾಡುವುದಕ್ಕೂ ಬರಬಹುದು.

ರಕ್ತ ಮತ್ತು ಸೂಜಿಯ ಫೋಬಿಯಾದಲ್ಲಿ ಮಾತ್ರ ಒಂದು ವಿಶೇಷ ಇದೆ. ನಾಯಿಗೆ ಹೆದರುವವರ ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ಅವರು ಸಾಮಾನ್ಯವಾಗಿ ಪ್ರಜ್ಞೆ ತಪ್ಪುವುದಿಲ್ಲ. ಸೂಜಿಗೆ ಹೆದರುವವರಲ್ಲಿ ಎದೆಬಡಿತ ಮೊದಲು ಏರಿ, ಆಮೇಲೆ ಹಲವರಲ್ಲಿ ಸರ್ರನೆ ಇಳಿದುಬಿಡುತ್ತದೆ. ಬಿಪಿಯೂ ಬೀಳುತ್ತದೆ. ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗಿ ತಲೆ ಸುತ್ತುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಕುಸಿಯುತ್ತಾರೆ. ಇದು ದೇಹ ತಾನಾಗಿಯೇ ಮಾಡುವ ಕೆಲಸ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೂ ಬರುವುದು ಹೆಚ್ಚು. ಒಂದು ಕ್ವಿಂಟಲ್ ಮೂಟೆ ಹೊರುವ ತಾಕತ್ತಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅವತ್ತು ನನಗೆ ಇದು ಗೊತ್ತಿರಲಿಲ್ಲ.

ಈ ಭಯ ಎಲ್ಲಿಂದ ಬರುತ್ತದೆ? 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಎಂಬ ಇಬ್ಬರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ವರ್ಷ ತುಂಬದ ಒಂದು ಮಗು. ಬಿಳಿ ಇಲಿಯ ಜೊತೆ ಹೆದರದೆ ಆಡುತ್ತಿತ್ತು. ಮಗು ಇಲಿಯನ್ನು ಮುಟ್ಟಿದಾಗಲೆಲ್ಲ ಇವರು ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಕೆಲವೇ ಸಲ. ಆಮೇಲೆ ಸದ್ದೇ ಇಲ್ಲದಿದ್ದರೂ ಇಲಿ ಕಂಡರೆ ಮಗು ಅಳತೊಡಗಿತು. ಮೊಲ ಕಂಡರೂ ಅಳು, ತುಪ್ಪಳದ ಕೋಟು ಕಂಡರೂ ಅಳು. ಆ ಭಯವನ್ನು ಅವರು ತೆಗೆಯಲೇ ಇಲ್ಲ, ಮಗು ಹಾಗೆಯೇ ಅಲ್ಲಿಂದ ಹೋಯಿತು. ನನಗೆ ಇದನ್ನು ಓದಿದಾಗಲೆಲ್ಲ ಆ ಮಗುವಿನ ಬಗ್ಗೆ ಸಂಕಟವಾಗುತ್ತದೆ. ಇವತ್ತು ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ.

ನೋಡಿಯೂ ಭಯ ಕಲಿಯುತ್ತೇವೆ. ಅಮ್ಮ ಹಲ್ಲಿ ಕಂಡು ಕಿರುಚಿದರೆ ಮಗು ಹಲ್ಲಿಯನ್ನು ನೋಡುವುದಿಲ್ಲ, ಅಮ್ಮನ ಮುಖ ನೋಡುತ್ತದೆ. ಇನ್ನು ನಮ್ಮ ಮನೆಗಳಲ್ಲಿ ಭಯವನ್ನು ಬೇಕೆಂದೇ ಬಿತ್ತುವುದೂ ಉಂಟು. "ಊಟ ಮಾಡ್ತೀಯೋ, ಇಲ್ಲಾ ನರ್ಸಮ್ಮನ ಹತ್ರ ಸೂಜಿ ಚುಚ್ಚಿಸ್ಲೋ?" ನಾನು ಬೀದಿಯಲ್ಲಿ ನಡೆದು ಬಂದರೆ ಮಕ್ಕಳು ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದವು. ಎಷ್ಟೋ ಮನೆಗಳಿಗೆ ನಾನೇ ಗುಮ್ಮ ಆಗಿದ್ದೆ. ದಯವಿಟ್ಟು ಹೀಗೆ ಹೆದರಿಸಬೇಡಿ. ಎಷ್ಟೋ ಜನಕ್ಕೆ ತಮ್ಮ ಭಯದ ಕಾರಣ ನೆನಪೇ ಇರುವುದಿಲ್ಲ, ಅದೂ ನಿಜ. ಕಾರಣ ಗೊತ್ತಿಲ್ಲದಿದ್ದರೂ ವಾಸಿ ಮಾಡಬಹುದು.

ಭಯ ಹೇಗೆ ಬಂತು ಎನ್ನುವುದಕ್ಕಿಂತ, ಹೋಗದೆ ಯಾಕೆ ಉಳಿಯಿತು ಎನ್ನುವುದು ಮುಖ್ಯ. ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಸಕ್ಕರೆ ಕಾಯಿಲೆ. ರಕ್ತ ಪರೀಕ್ಷೆಗೆಂದು ಹೋದವರು ಲ್ಯಾಬಿನ ಮೆಟ್ಟಿಲಲ್ಲೇ ವಾಪಸ್ ತಿರುಗಿದರು. ತಿರುಗಿದ ಕ್ಷಣವೇ "ಅಬ್ಬಾ" ಅನಿಸಿತಂತೆ, ಮೈ ಹಗುರವಾಯಿತಂತೆ. ಆ "ಅಬ್ಬಾ" ಇದೆಯಲ್ಲ, ಅದೇ ಭಯಕ್ಕೆ ನೀರು, ಗೊಬ್ಬರ. ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ ಎಂದು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಅವರು ಗೇಟಿನವರೆಗೂ ಹೋಗಲಿಲ್ಲ. ಆಮೇಲೆ ಆ ರಸ್ತೆಯನ್ನೇ ಬಿಟ್ಟರು. ಎರಡು ವರ್ಷ ಸಕ್ಕರೆ ಎಷ್ಟಿದೆ ಎಂದು ಅವರಿಗೇ ಗೊತ್ತಿರಲಿಲ್ಲ.

ಚಿಕಿತ್ಸೆ ಇದರ ಉಲ್ಟಾ. ಸ್ವಲ್ಪ ಸ್ವಲ್ಪವೇ ಹತ್ತಿರ ಹೋಗುವುದು, ಹೋದಲ್ಲಿ ಭಯ ಇಳಿಯುವವರೆಗೂ ನಿಲ್ಲುವುದು. 1924ರಲ್ಲೇ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ ಇದನ್ನು ಮಾಡಿ ತೋರಿಸಿದರು. ಮೊಲಕ್ಕೆ ಹೆದರುವ ಪೀಟರ್ ಎಂಬ ಪುಟ್ಟ ಹುಡುಗ. ಅವನಿಗೆ ಇಷ್ಟವಾದ ತಿಂಡಿ ಕೊಟ್ಟು, ಅವನು ತಿನ್ನುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟರು. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಅವನು ಮೊಲವನ್ನು ಮುದ್ದಿಸಿದ. ಭಯ ಹುಟ್ಟಿಸಿದ ಪ್ರಯೋಗ ಎಲ್ಲರಿಗೂ ಗೊತ್ತು, ಭಯ ಬಿಡಿಸಿದ ಈ ತಾಯಿಯ ಹೆಸರು ಕೇಳಿದವರು ಕಡಿಮೆ.

ಸೂಜಿಯ ವಿಷಯದಲ್ಲಾದರೆ ಮೊದಲು ಸಿರಿಂಜಿನ ಚಿತ್ರ ನೋಡುವುದು. ಆಮೇಲೆ ಸೂಜಿ ಇಲ್ಲದ ಸಿರಿಂಜನ್ನು ಕೈಯಲ್ಲಿ ಹಿಡಿಯುವುದು. ಸ್ಪಿರಿಟ್ ವಾಸನೆ ತೆಗೆದುಕೊಳ್ಳುವುದು. ಲ್ಯಾಬಿಗೆ ಹೋಗಿ ಸುಮ್ನೆ ಕೂತು ಬರುವುದು. ಒಂದೊಂದು ಮೆಟ್ಟಿಲೂ ಸಲೀಸಾದ ಮೇಲೆ ಮುಂದಿನದು. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಜೊತೆ ಮಾಡಿದರೆ ಒಳ್ಳೆಯದು. ಕೈ ಹಿಡಿದು ಒತ್ತಾಯದಿಂದ ಎಳೆದುಕೊಂಡು ಹೋಗುವುದು ಚಿಕಿತ್ಸೆ ಅಲ್ಲ.

ಕುಸಿಯುವವರಿಗೆ ಇನ್ನೊಂದು ಉಪಾಯ ಬೇಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ ಮತ್ತು ಜೊತೆಯವರು ಇದನ್ನು ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ. ಕೂತುಕೊಂಡು ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿ ಹಿಡಿಯಬೇಕು. 10ರಿಂದ 15 ಸೆಕೆಂಡು, ಮುಖ ಬಿಸಿ ಅನಿಸುವವರೆಗೆ. ಆಮೇಲೆ ಸಹಜ ಸ್ಥಿತಿಗೆ ಬಂದು 20ರಿಂದ 30 ಸೆಕೆಂಡು ಬಿಡುವು. ಹೀಗೆ 5 ಸಲ. ಇದರಿಂದ ಬಿಪಿ ಬೀಳುವುದಿಲ್ಲ. ಮನೆಯಲ್ಲಿ ದಿನಾ ಅಭ್ಯಾಸ ಮಾಡಿರಬೇಕು. ಚುಚ್ಚುವ ತೋಳನ್ನು ಮಾತ್ರ ಸಡಿಲ ಬಿಡಬೇಕು. ಗರ್ಭಿಣಿಯರು, ಬಿಪಿ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ. "ಮೈ ಪೂರಾ ಸಡಿಲ ಬಿಡಿ" ಎಂದು ನಾನು ಎಷ್ಟು ಜನಕ್ಕೆ ಹೇಳಿದ್ದೆನೋ! ಕುಸಿಯುವವರಿಗೆ ಆ ಸಲಹೆ ಸರಿಯಲ್ಲ.

ಮಾತ್ರೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಾವು, ಸೂಜಿ, ಎತ್ತರದಂಥ ಒಂದೇ ಭಯಕ್ಕೆ ಮಾತ್ರೆ ಮುಖ್ಯ ಚಿಕಿತ್ಸೆ ಅಲ್ಲ. ಜನರ ಮುಂದೆ ಬರುವ ಭಯ ತೀವ್ರವಾಗಿದ್ದರೆ ಮನೋವೈದ್ಯರು ಕೊಡುವ ಮಾತ್ರೆಯಿಂದ ಸಹಾಯವಾಗುತ್ತದೆ. ಅಂಗಡಿಯಿಂದ ನೀವೇ ನಿದ್ದೆ ಮಾತ್ರೆ ತಂದು ನುಂಗಬೇಡಿ. ಯಾರನ್ನು ಕೇಳುವುದು ಎಂದು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದು, 2022ರ ಅಕ್ಟೋಬರ್ 10ರಂದು ಶುರುವಾಯಿತು. ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇಂಜೆಕ್ಷನ್ ರೂಮಿಗೆ ಹೋದಾಗ "ನನಗೆ ತಲೆ ಸುತ್ತುತ್ತೆ ಸಿಸ್ಟರ್, ಮಲಗಿಸಿ ಚುಚ್ಚಿ" ಎಂದು ಮೊದಲೇ ಹೇಳಿ. ನಾಚಿಕೆ ಬೇಡ. ಮಕ್ಕಳಿಗೆ "ನೋವೇ ಆಗಲ್ಲ" ಎಂದು ಸುಳ್ಳು ಹೇಳಬೇಡಿ. ಇರುವೆ ಕಚ್ಚಿದಷ್ಟು ನೋವಾಗುತ್ತೆ, ನಾನು ಪಕ್ಕದಲ್ಲೇ ಇರ್ತೀನಿ ಎನ್ನಿ.

ಆ ಅಕ್ಕ ಮೊನ್ನೆ ರಕ್ತ ಕೊಟ್ಟು ಬಂದರು. ಜೊತೆಗೆ ನಾನೂ ಹೋಗಿದ್ದೆ. ಈಗಲೂ ಅವರು ಸೂಜಿಯ ಕಡೆ ನೋಡುವುದಿಲ್ಲ. ಮಂಚದ ಮೇಲೆ ಮಲಗಿ, ಕಾಲು ಬಿಗಿ ಹಿಡಿದು, ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ಒಂದೊಂದಾಗಿ ಓದಿದರು. ಹನ್ನೊಂದನೇ ತಾರೀಖಿಗೆ ಬರುವಷ್ಟರಲ್ಲಿ ಲ್ಯಾಬಿನ ಹುಡುಗಿ ಹತ್ತಿ ಒತ್ತಿ "ಆಯ್ತು ಆಂಟಿ" ಎಂದಳು.

ನಮಸ್ಕಾರ.